ನಾಲ್ಕನೇ ಜ್ವರ

ತಾಲ್ಲೂಕು ಕ್ರೀಡಾಕೂಟಕ್ಕೆ ಮೈದಾನದಲ್ಲಿ ಗೆರೆ ಹಾಕುವ ಕೆಲಸ ಪ್ರತಿ ವರ್ಷವೂ ನನ್ನ ತಲೆಗೇ ಬರುತ್ತದೆ. ಹಗ್ಗ ಹಿಡಿಯಲು ಇಬ್ಬರು ಮೇಷ್ಟ್ರು ಸಿಗುತ್ತಾರೆ, ಸುಣ್ಣದ ಪುಡಿ ಚೆಲ್ಲುವುದಕ್ಕೆ ಮಾತ್ರ ಯಾರ ಸೊಂಟವೂ ಬಗ್ಗುವುದಿಲ್ಲ. ಈ ಸಲವೂ ಕನಕಪುರದ ಮೈದಾನದಲ್ಲಿ ನಾನೇ ಬಕೆಟ್ ಹಿಡಿದುಕೊಂಡು ಬಗ್ಗಿದೆ. ಅರ್ಧ ಗೆರೆ ಮುಗಿಯುವ ಹೊತ್ತಿಗೆ ಗಾಳಿ ತಿರುಗಿ ಒಣ ಸುಣ್ಣ ಮೂಗಿಗೆ ನುಗ್ಗಿತು. ಅದು ನಮ್ಮೂರ ಮನೆಯ ಹಿಂದಿನ ಹುಳದ ಮನೆಯ ವಾಸನೆ. ಜ್ವರಕ್ಕೆ ಕೂತ ರೇಷ್ಮೆ ಹುಳದ ಮೇಲೆ ಅಣ್ಣ ಇದೇ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತೆಳ್ಳಗೆ ಉದುರಿಸುತ್ತಿದ್ದ.

ಬಕೆಟ್ ಕೆಳಗಿಟ್ಟು ನಿಂತೆ. "ಯಾಕ್ ಮಿಸ್, ತಲೆ ಸುತ್ತು ಬಂತಾ?" ಎಂದರು ಹಗ್ಗ ಹಿಡಿದಿದ್ದವರು. "ಇಲ್ಲ ಸಾರ್, ಕಣ್ಣಿಗೆ ಸುಣ್ಣ ಬಿತ್ತು" ಎಂದೆ. ಬಿದ್ದಿರಲಿಲ್ಲ. ಬಿದ್ದಿದ್ದರೆ ನೀರಾದರೂ ಬರುತ್ತಿತ್ತು. ನಾಲ್ಕು ವರ್ಷದಿಂದ ನನ್ನ ಕಣ್ಣಲ್ಲಿ ನೀರು ಬಂದಿಲ್ಲ.

ಈ ಜ್ವರ ಎಂದರೆ ಏನು ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ನಡೆದದ್ದೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಸ್ವಲ್ಪ ಮೇಲೆತ್ತಿಕೊಂಡು ಸುಮ್ಮನೆ ಇರುತ್ತದೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಗಾಳಿ ಆಡುವ ಹಾಗೆ ಬಿಡಬೇಕು. ಒಂದು ದಿನ ಕಳೆದರೆ ತಾನಾಗಿ ಎದ್ದು ತಿನ್ನಲು ಶುರುಮಾಡುತ್ತದೆ. ರೇಷ್ಮೆ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನನಗೂ ಯಾರೂ ಕಲಿಸಿರಲಿಲ್ಲ.

ನಾನು ಸುಧಾಮಣಿ, ಸರ್ಕಾರಿ ಪ್ರೌಢಶಾಲೆಯಲ್ಲಿ ಪೀಟಿ ಟೀಚರು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಬೇಡಿ, ಕೇಳಿ ಕೇಳಿ ಊರವರಿಗೇ ಸಾಕಾಗಿದೆ. ಕನಕಪುರದಲ್ಲಿ ಬಾಡಿಗೆ ಮನೆ. ಶನಿವಾರ ಶಾಲೆ ಬಿಟ್ಟ ಮೇಲೆ ಊರಿಗೆ. ಊರೆಂದರೆ ಹಾರೋಹಳ್ಳಿ ರಸ್ತೆಯಿಂದ ಎರಡು ಮೈಲಿ ಒಳಗೆ. ಅಲ್ಲಿ ಅಣ್ಣ ಶಿವಲಿಂಗ, ಅತ್ತಿಗೆ ಜಯಮ್ಮ, ಅವರ ಹಿಪ್ಪುನೇರಳೆ ತೋಟ, ಹುಳದ ಮನೆ. ಶಾಲೆಯಲ್ಲಿ ಮಕ್ಕಳ ಕಾಲು ಉಳುಕಿದರೂ ತಲೆ ಒಡೆದರೂ ನನ್ನ ಹತ್ತಿರವೇ ಓಡಿ ಬರುತ್ತಾರೆಂದು ಮನೆಯಲ್ಲೂ ನಾನು ಅರ್ಧ ಡಾಕ್ಟರು. ಅಣ್ಣ ರೇಗಿಸುವಾಗ ನನ್ನನ್ನು ಕರೆಯುತ್ತಿದ್ದದ್ದೇ "ಡಾಕ್ಟ್ರಮ್ಮ" ಎಂದು. ಅತ್ತಿಗೆ ಮಾತ್ರ ಅದನ್ನು ತಮಾಷೆ ಎಂದುಕೊಂಡಿರಲಿಲ್ಲ. ಕೆಮ್ಮು, ಬೇಧಿ, ಮಂಡಿನೋವು, ಏನೇ ಆದರೂ ಮೊದಲು ನನಗೊಂದು ಫೋನು.

ದಸರಾ ರಜೆ ಬಂದರೆ ನಾವು ಮೂವರು ಹೆಂಗಸರು ಸಮುದ್ರಕ್ಕೆ ಹೋಗುತ್ತಿದ್ದೆವು. ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಓಡಲು ಬರುತ್ತಿದ್ದವರು ಹಾಗೇ ಗೆಳತಿಯರಾದದ್ದು. ಪದ್ಮ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅಲ್ಲಿ ದಿನವೆಲ್ಲ ನಿಂತೇ ಇರುವವಳಿಗೆ ಓಡುವುದೇ ವಿಶ್ರಾಂತಿ. ನಸೀಮಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನದ ಹುಡುಗಿ, ಕನಕಪುರಕ್ಕೆ ಸೊಸೆಯಾಗಿ ಬಂದವಳು. ಚಿಕ್ಕಂದಿನಿಂದ ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಅವಳ ಬೆರಳ ತುದಿಗೆ ಬಿಸಿ ತಣ್ಣಗೆ ಯಾವುದೂ ಗೊತ್ತಾಗುತ್ತಿರಲಿಲ್ಲ. ಕುಮಟೆಯಲ್ಲಿ ಇಳಿದು, ದಡ ಹಿಡಿದು ಗೋಕರ್ಣದವರೆಗೆ ನಡೆಯುವುದು, ಮರಳು ಗಟ್ಟಿ ಇರುವ ಕಡೆ ಓಡುವುದು, ನಾಲ್ಕು ದಿನ. ಆರು ವರ್ಷ ಒಂದೂ ತಪ್ಪಿಸಿರಲಿಲ್ಲ.

ಅಣ್ಣನಿಗೆ ಇದು ದೊಡ್ಡ ನಗೆಪಾಟಲು. "ಅಲ್ಲ ಕಣಮ್ಮಿ, ಓಡಕ್ಕೆ ಇಲ್ಲಿ ನೆಲ ಇಲ್ವಾ? ಮುನ್ನೂರು ಮೈಲಿ ಕೂತ್ಕಂಡು ಹೋಗಿ ಓಡ್ಬೇಕಾ? ನಾಯಿ ಅಟ್ಟಿಸ್ಕಂಡು ಬಂದ್ರೂ ನಮ್ಮೂರ್ನಲ್ಲಿ ಯಾರೂ ಅಷ್ಟು ದೂರ ಓಡಕಿಲ್ಲ."

"ನೀನೂ ಬಾ, ನಿನ್ನ ಹೊಟ್ಟೆ ಕರಗ್ತದೆ" ಎನ್ನುತ್ತಿದ್ದೆ.

"ನಾನ್ ಬಂದ್ರೆ ಹುಳ ಯಾರ್ ನೋಡ್ತಾರೆ, ನಿಮ್ಮ ಹೆಡ್ ಮಾಸ್ಟ್ರಾ?"

ಹೀಗೆಲ್ಲ ಅನ್ನುತ್ತಲೇ ಬೈಕು ಹತ್ತಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗುತ್ತಿದ್ದ. ಆ ವರ್ಷವೂ ಬಿಟ್ಟ. ಮಳೆ ಹಿಂದಾಗಿ ರಸ್ತೆಯ ಗುಂಡಿಗಳಲ್ಲೆಲ್ಲ ನೀರು ನಿಂತಿತ್ತು, ಸಂಜೆಯಾದರೆ ಸೊಳ್ಳೆ. ಬೈಕು ನಿಲ್ಲಿಸಿ, "ನೀನು ಅಲ್ಲಿಗೆ ಹೋಗೋ ಹೊತ್ಗೆ ಇಲ್ಲಿ ನಾಕ್ನೇ ಜ್ವರಕ್ಕೆ ಕೂತ್ಕತವೆ" ಎಂದ. ಹಿಂದಿನ ಬೆಳೆ ಕೆಟ್ಟುಹೋಗಿತ್ತು, ಅದಕ್ಕೆ ಈ ಹುಳದ ಮೇಲೆ ಮೂವರಿಗೂ ಕಣ್ಣು. "ಕೂತಾಗ ತಿಳಿಸು" ಎಂದೆ. ಕತ್ತು ತಿರುಗಿಸುತ್ತ, "ಯಾಕೋ ಮೈಕೈ ಹಿಡ್ಕಂಡೈತೆ" ಎಂದ. ಸೊಪ್ಪು ಹೊರೆ ಹೊತ್ತು ಹೊತ್ತು ಹಾಗಾಗಿರಬೇಕು ಎಂದುಕೊಂಡೆ. ಬಸ್ಸು ಬಂತು.

ಮೊದಲ ದಿನ ಚೆನ್ನಾಗಿತ್ತು. ಮಳೆಗಾಲದ ಕೆಂಪು ಕಳೆದು ಸಮುದ್ರದ ನೀರು ತಿಳಿಯಾಗಿತ್ತು. ದೋಣಿಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದರು. ನಡೆಯುತ್ತ, ಓಡುತ್ತ, ಗುಡ್ಡ ಹತ್ತಿ ಇಳಿಯುತ್ತ ಸಂಜೆಗೆ ಕಾಗಾಲದ ಹತ್ತಿರ ಒಂದು ಮನೆಯಲ್ಲಿ ಉಳಿದುಕೊಂಡೆವು. ಅಲ್ಲಿಯ ಅಮ್ಮ ಮೀನು ಸಾರು ಮಾಡಿ ಬಡಿಸಿ, ನಾವು ಮರುದಿನ ಓಡುವ ದಾರಿ ಕೇಳಿ ಗಾಬರಿಯಾದರು. "ಬೆಳಗಾಗೂದ್ರೊಳಗೆ ಹೊರಡಿ ಮತ್ತೆ. ಏಳು ಗಂಟೆ ಮೇಲೆ ನೀರು ಏರ್ತದೆ. ಕಲ್ಲಿನ ಮೂಲೆ ದಾಟೂದಿದ್ರೆ ಅದ್ರೊಳಗೇ ದಾಟಬೇಕು" ಎಂದರು. ನಾವು ಬಯಲುಸೀಮೆಯವರು. ನೀರು ಏರುವುದೆಂದರೆ ನಮಗೆ ಕೆರೆ ತುಂಬುವುದು, ಅದೂ ಅಪರೂಪಕ್ಕೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ದಡದಲ್ಲಿದ್ದೆವು. ನೀರು ದೂರ ಸರಿದು ಮರಳು ಸಿಮೆಂಟು ನೆಲದ ಹಾಗೆ ಗಟ್ಟಿಯಾಗಿತ್ತು. ಶೂ ಲೇಸು ಕಟ್ಟುತ್ತಿದ್ದೆ, ಫೋನು ಗುರ್ ಎಂದಿತು. ಅಣ್ಣನ ನಂಬರಿನಿಂದ ವಾಯ್ಸ್ ಮೆಸೇಜು. ಮನೆಗೆಲ್ಲ ಅದೊಂದೇ ದೊಡ್ಡ ಫೋನು, ಅತ್ತಿಗೆಯೂ ಅದರಲ್ಲೇ ಮಾತಾಡುತ್ತಿದ್ದಳು. ಗಾಳಿಯಲ್ಲಿ ಕಿವಿಗೆ ಒತ್ತಿ ಹಿಡಿದು ಕೇಳಿದೆ.

"ಸುಧಾ, ರಾತ್ರಿಯಿಂದ ಜ್ವರ ಕಣವ್ವ. ಮಲಗ್ಬುಟ್ಟೈತೆ. ಏನೂ ತಿಂತಾ ಇಲ್ಲ. ಒಂದೊಂದ್ಸಲ ಒಸಿ ತಲೆ ಎತ್ತುತದೆ, ಮತ್ತೆ ಅಂಗೇ. ಏನ್ಮಾಡ್ಲಿ ಹೇಳು."

ಪದ್ಮ ಆಗಲೇ ಇಪ್ಪತ್ತು ಮಾರು ಮುಂದೆ ಹೋಗಿ, "ಬಾರೇ, ನೀರು ಏರ್ತದಂತೆ!" ಎಂದು ಕೂಗುತ್ತಿದ್ದಳು. ಫೋನು ಬಾಯಿಗೆ ಹಿಡಿದು ಹೇಳಿದೆ:

"ಅತ್ಗೆ, ಏನೂ ಮಾಡ್ಬ್ಯಾಡ. ಮುಟ್ಟಕ್ಕೂ ಹೋಗ್ಬ್ಯಾಡ. ಬಾಗ್ಲು ತೆಗೆದು ಗಾಳಿ ಆಡಂಗೆ ಮಾಡು. ತಿನ್ನಕ್ಕೆ ಕೊಡಕ್ಕೆ ಅವಸರ ಬ್ಯಾಡ. ಒಂದಿನ ಸುಮ್ನೆ ಬುಟ್ರೆ ತಾನೇ ಏಳ್ತದೆ."

ಒಂದು ಮಾತೂ ತಪ್ಪಲ್ಲ, ಹುಳಕ್ಕೆ.

ಅತ್ತಿಗೆ ಗಂಡನ ಹೆಸರು ಹೇಳುವವಳಲ್ಲ. ಹೆಸರಿರಲಿ, ಅವರು ಇವರು ನಿಮ್ಮಣ್ಣ ಎಂದು ಸಹ ಹೇಳುವುದಿಲ್ಲ. "ಬಂದೈತೆ", "ಉಂಡೈತೆ", "ಪ್ಯಾಟೆಗೆ ಹೋಗೈತೆ", ಅಷ್ಟೆ. ಯಾರು ಎಂದು ನಾವೇ ತಿಳಿದುಕೊಳ್ಳಬೇಕು. ಇಪ್ಪತ್ತು ವರ್ಷ ತಿಳಿದುಕೊಂಡೇ ಬಂದಿದ್ದೆ. ಹುಳದ ಸುದ್ದಿಯನ್ನೂ ಅವಳು ಹಾಗೇ ಹೇಳುತ್ತಿದ್ದಳು: ಜ್ವರ ಬಿಟ್ಟರೆ "ಎದ್ದೈತೆ", ಗೂಡು ಕಟ್ಟುವ ಹದಕ್ಕೆ ಬಂದರೆ "ಹಣ್ಣಾಗೈತೆ". ಹುಳದ ಮನೆಯಲ್ಲೇ ಬಾಳಿದ ಹೆಂಗಸು ಹುಳದ ಜ್ವರಕ್ಕೆ ಏನು ಮಾಡಲಿ ಎಂದು ನನ್ನನ್ನು ಯಾಕೆ ಕೇಳುತ್ತಾಳೆ? ಆ ಒಂದು ಪ್ರಶ್ನೆ ಆಗ ನನ್ನ ತಲೆಗೆ ಹೊಳೆಯಲಿಲ್ಲ. ನಾನು ಜ್ವರ ಎಂಬ ಮಾತು ಕೇಳಲು ಕಾಯುತ್ತಿದ್ದೆ, ಕೇಳಿಸಿತು, ಫೋನು ಒಳಗಿಟ್ಟೆ.

ಆಮೇಲೆ ಓಡಿದೆ. ಆವತ್ತು ಓಡಿದಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ಓಡಿರಲಿಲ್ಲ. ಬಂಡೆಗಳು ಸಮುದ್ರದೊಳಕ್ಕೆ ಚಾಚಿಕೊಂಡಿದ್ದ ಆ ಕಲ್ಲಿನ ಮೂಲೆಯನ್ನು ಮೂವರೂ ನೀರು ಬರುವ ಮೊದಲೇ ದಾಟಿದೆವು. ನಸೀಮಾ ಆ ಕಡೆ ಮರಳಿನ ಮೇಲೆ ಅಂಗಾತ ಬಿದ್ದುಕೊಂಡು, "ಯಾ ಅಲ್ಲಾ, ಈ ನಾಲ್ಕು ದಿನಕ್ಕೇ ನಾನು ವರ್ಷ ಪೂರ್ತಿ ಬದುಕೋದು" ಎಂದಳು. ಸಂಜೆ ಸಮುದ್ರದ ಫೋಟೋ ಒಂದನ್ನು ಅಣ್ಣನ ನಂಬರಿಗೆ ಕಳಿಸಿದೆ. ನೋಡಿದ ಗುರುತು ಬರಲಿಲ್ಲ. ಜ್ವರದ ದಿನ ಹುಳ ಸಾಕುವವರಿಗೂ ರಜೆ, ಮಲಗಿರಬೇಕು ಎಂದುಕೊಂಡೆ.

ಮೂರನೇ ದಿನ ಅಘನಾಶಿನಿ ನದಿ ದಾಟಿ ತದಡಿಗೆ ಹೋಗಬೇಕು. ದೋಣಿ ನಡು ನೀರಿನಲ್ಲಿರುವಾಗ ಫೋನು ಬಂತು.

"ಏಳ್ತಾನೇ ಇಲ್ಲ ಸುಧಾ. ನೀನು ಹೇಳ್ದಂಗೆ ಒಂದಿನ ಬುಟ್ಟೆ. ಈಗ ಕಣ್ಣೇ ಬುಡ್ತಾ ಇಲ್ಲ. ವಸಡಿಂದ ರಕ್ತ ಬತ್ತಾ ಐತೆ. ಕಾರಲ್ಲಿ ಹಾಕ್ಕಂಡು ಆಸ್ಪತ್ರೆಗೆ ಹೊಂಟಿವ್ನಿ."

"ಯಾರನ್ನ?" ಎಂದೆ.

"ಯಾರನ್ನ ಅಂತೀಯಲ್ಲೇ. ನಿಮ್ಮಣ್ಣನ್ನ."

ಆ ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದೋಣಿ ತನ್ನ ಪಾಡಿಗೆ ಹೋಗುತ್ತಿತ್ತು. ಎದುರಿಗೆ ಕೂತಿದ್ದ ಹೆಂಗಸಿನ ಬುಟ್ಟಿಯಲ್ಲಿ ಚಿಪ್ಪುಗಳಿದ್ದವು. ನಾನು ಒಂದೊಂದಾಗಿ ನೋಡುತ್ತ ಕೂತೆ. ಪದ್ಮ ಏನಾಯ್ತು ಏನಾಯ್ತು ಎಂದು ಭುಜ ಅಲ್ಲಾಡಿಸುತ್ತಿದ್ದಳು. ನಸೀಮಾ ಕೇಳಲಿಲ್ಲ. ಹಿಂದಿನ ದಿನ ನಾನು ಫೋನಿಗೆ ಹೇಳಿದ್ದನ್ನು ಅವಳು ಪಕ್ಕದಲ್ಲೇ ನಿಂತು ಕೇಳಿದ್ದಳು, ರೇಷ್ಮೆಯವರ ಮನೆ ಹೆಣ್ಣು, ಅವಳಿಗೆ ತಿಳಿದುಹೋಯಿತು. "ನೀನು ಹೇಳಿದ್ದು ಹುಳಕ್ಕೆ ಅಲ್ವಾ ಸುಧಾ" ಎಂದಳು ಮೆಲ್ಲಗೆ. ನಾನು ತಲೆ ಆಡಿಸಿದೆ. ಮತ್ತೆ ಆ ಚಿಪ್ಪುಗಳನ್ನೇ ನೋಡುತ್ತ ಕೂತೆ. ನಾನು ಮರಗಟ್ಟಿದ್ದು ಅಲ್ಲಿಂದಲೇ.

ಬಾಡಿಗೆ ಕಾರು, ಬಸ್ಸು, ಆಟೋ ಎಂದು ಬೆಂಗಳೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮರುದಿನ ಬೆಳಗಾಗಿತ್ತು. ಡೆಂಗಿ. ಡಾಕ್ಟರು ಒಳ್ಳೆಯವರು, ಕೈಲಾದದ್ದೆಲ್ಲ ಮಾಡಿದರು. "ಇನ್ನೊಂದು ದಿನ ಮೊದಲು ತಂದಿದ್ರೆ" ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು. ಎರಡು ದಿನ ಇದ್ದು ಅಣ್ಣ ಹೋದ. ನಲವತ್ತೊಂಬತ್ತು ವರ್ಷ. ಗಾಜಿನ ಆಚೆಯಿಂದ ನೋಡಿದ್ದಷ್ಟೆ, ಮಾತಾಡಲು ಆಗಲಿಲ್ಲ.

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದೆವು. ಮನೆ ತುಂಬ ನೆಂಟರು. ಹುಳ ಯಾರಿಗೂ ಕಾಯದೆ ತಾನಾಗಿ ಜ್ವರದಿಂದ ಎದ್ದಿತ್ತು, ಅದಕ್ಕೆ ಈಗ ಜೀವಮಾನದ ಹಸಿವು. ಮೂರು ದಿನ ಪಕ್ಕದ ಮನೆಯವರು ಸೊಪ್ಪು ಹಾಕಿದ್ದರು. ಅತ್ತಿಗೆ ಒದ್ದೆ ಸೀರೆಯಲ್ಲೇ ಎದ್ದು ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದಳು. ಹಿಂದೆಯೇ ನಾನೂ ಹೋದೆ. ಸೊಪ್ಪು ತಂದು ಹಾಕಿದರೆ ಇಡೀ ಹುಳದ ಮನೆಯಲ್ಲಿ ತಿನ್ನುವ ಸದ್ದು, ಶೀಟಿನ ಮೇಲೆ ಜಡಿಮಳೆ ಬಿದ್ದ ಹಾಗೆ. ಅದರ ನಡುವೆಯೂ ಜಗಲಿಯ ಮೇಲಿನ ಹೆಂಗಸರ ಮಾತು ಕೇಳಿಸಿತು.

"ಜ್ವರ ಬಂದೋನ್ನ ಒಂದಿನ ಪೂರ್ತಿ ಮನೇಲೇ ಕೆಡವ್ಕಂಡು ಕೂತಿದ್ಲಂತೆ ಕಣಕ್ಕ."

"ಒಂದು ಗುಳಿಗೇನಾದ್ರೂ ತರಬಾರ್ದಾ?"

"ಏನ್ ಗುಳಿಗೆ! ಬಾಗ್ಲು ತೆಗೆದಿಟ್ಟು ಗಾಳಿ ಬುಟ್ಟಿದ್ಲಂತೆ. ಈಗ ನೋಡು, ಹುಳದ ಮೇಲಿರೋ ಜ್ಞಾನ ಗಂಡನ ಮೇಲೆ ಇರ್ನಿಲ್ಲ."

ಅತ್ತಿಗೆ ತಲೆ ಬಗ್ಗಿಸಿ ಸೊಪ್ಪು ಹರಡುತ್ತಿದ್ದಳು. ಸುಧಾ ಹೇಳಿದಳು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನೂ ಹೊರಗೆ ಹೋಗಿ, ಅವಳಲ್ಲ, ನಾನು, ಎನ್ನಲಿಲ್ಲ. ಹಿಡಿ ಸೊಪ್ಪು ಕೈಯಲ್ಲೇ ಹಿಡಿದು ನಿಂತಿದ್ದೆ. ನಾಚಿಕೆಗೆಟ್ಟವಳು ನಾನು, ಇದಕ್ಕೆ ಬೇರೆ ಹೆಸರಿಲ್ಲ.

ಆ ಸಲ ಗೂಡು ಬಹಳ ಚೆನ್ನಾಗಿ ಬಂತು. ರಾಮನಗರದ ಮಾರುಕಟ್ಟೆಯಲ್ಲಿ ಕೈಯಲ್ಲಿ ಆಡಿಸಿ ನೋಡಿದವರೆಲ್ಲ ಯಾರು ಸಾಕಿದ್ದು ಎಂದು ಕೇಳಿದರು.

ಆಮೇಲೆ ನಾಲ್ಕು ವರ್ಷ. ಅತ್ತಿಗೆ ಊರವರ ಮಾತು ಹೊತ್ತುಕೊಂಡೇ ಹುಳ ಸಾಕಿದಳು. ಮದುವೆ ಮನೆಗಳಲ್ಲಿ ಅವಳ ಪಕ್ಕ ಕೂತವರು ಇವತ್ತಿಗೂ ಆ ಒಂದು ದಿನದ ಮಾತು ತೆಗೆಯುತ್ತಾರೆ. ನಾನು ಪ್ರತಿ ಶನಿವಾರ ಹೋಗುವುದು, ಸೊಪ್ಪು ಕುಯ್ಯುವುದು, ಭಾನುವಾರ ಬರುವುದು. ಹೇಳಬೇಕು ಎಂದು ಹೋಗಿ ಹೇಳದೆ ಬರುವುದು. ಸಮುದ್ರಕ್ಕೆ ಹೋಗಲಿಲ್ಲ. ಪದ್ಮ, ನಸೀಮಾ ಒಂದು ವರ್ಷ ಇಬ್ಬರೇ ಹೋಗಿ ಬಂದು, ಆಮೇಲೆ ಅವರೂ ಬಿಟ್ಟರು. ಮೈದಾನದಲ್ಲಿ ಓಡುವುದನ್ನು ಬಿಟ್ಟಿಲ್ಲ. ಕಾಲು ಓಡುತ್ತದೆ, ನಾನು ಅದರ ಮೇಲೆ ಕೂತಿರುತ್ತೇನೆ. ಹಿಮ್ಮಡಿ ಒಡೆದು ರಕ್ತ ಬಂದದ್ದು ಸಾಕ್ಸ್ ಬಿಚ್ಚುವಾಗ ಗೊತ್ತಾಗುತ್ತದೆ. "ಅತ್ಬುಡು ಒಂದ್ಸಲ" ಎಂದು ಪದ್ಮ ಹೇಳಿದ್ದಾಳೆ. ಅಳುವುದೇನು ನಲ್ಲಿ ತಿರುಗಿಸುವುದೇ, ಎಂದು ರೇಗಿದ್ದೇನೆ.

ಕ್ರೀಡಾಕೂಟ ಮುಗಿದ ಭಾನುವಾರ ಊರಲ್ಲಿದ್ದೆ. ಬೆಳಿಗ್ಗೆ ಎಂಟರ ಬಿಸಿಲು. ಅತ್ತಿಗೆ ಒಂದು ಸಾಲು, ನಾನೊಂದು ಸಾಲು ಸೊಪ್ಪು ಕುಯ್ಯುತ್ತಿದ್ದೆವು. ನಡುವೆ ಅವಳು, "ನಸೀಮಾ ಫೋನ್ ಮಾಡಿದ್ಲು. ಈ ದಸರಕ್ಕಾದ್ರೂ ನಿನ್ನ ಹೊರಡ್ಸು ಅಂದ್ಲು. ಹೋಗ್ಬಾ" ಎಂದಳು.

"ನಾನು ಹೋಗಕಿಲ್ಲ ಅತ್ಗೆ."

"ಎಷ್ಟ್ ವರ್ಷ ಅಂತ ಹಿಂಗೇ ಇರ್ತೀಯ?"

ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಕುಡುಗೋಲು ಹಿಡಿದೇ ಹೇಳಿಬಿಟ್ಟೆ. "ಆವತ್ತು ನಾನು ಹೇಳಿದ್ದು ಅಣ್ಣಂಗಲ್ಲ. ಹುಳಕ್ಕೆ. ನಾಕ್ನೇ ಜ್ವರಕ್ಕೆ ಕೂತವೆ ಅಂತ ನೀನು ಹೇಳ್ತಿದ್ದೀಯ ಅನ್ಕಂಡೆ. ಊರೋರೆಲ್ಲ ನಿನ್ನ ಅಂದ್ರು. ನಾನು ಕೇಳಿಸ್ಕಂಡು ಸುಮ್ಮನಿದ್ದೆ."

ಅತ್ತಿಗೆ ಕೈಯಲ್ಲಿದ್ದ ಕಡ್ಡಿಯನ್ನು ಕುಯ್ದು ಹೊರೆಗೆ ಸೇರಿಸಿ, ಆಮೇಲೆ ನಿಂತಳು.

"ಗೊತ್ತು" ಎಂದಳು.

"ಏನ್ ಗೊತ್ತು?"

"ನಂಗೆ ತಿಳೀನಿಲ್ಲ. ನಿಮ್ಮಣ್ಣಂಗೆ ತಿಳೀತು." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಕಳ್ಸಿದ್ದ ಮಾತ ಪಕ್ದಲ್ಲೇ ಇಕ್ಕಂಡು ಕೇಳಿಸ್ದೆ. ಒಂದಿನ ಬುಟ್ರೆ ತಾನೇ ಏಳ್ತದೆ ಅಂದ್ಯಲ್ಲ, ಅದ ಕೇಳಿ ಕಣ್ಣು ಮುಚ್ಕಂಡೇ ನಗ್ತು. 'ಲೇ, ಅವ್ಳು ನನ್ನ ಹುಳ ಅನ್ಕಂಡವ್ಳೆ ಕಣೆ' ಅಂತು. ಅಯ್ಯೋ ಹಂಗಾ, ತಿರುಗಿ ಮಾಡ್ತೀನಿ ತಾಳು ಅಂತ ಫೋನ್ ಎತ್ಕಂಡೆ. ಕೈ ಹಿಡ್ಕಂಡ್ಬುಡ್ತು. 'ಬ್ಯಾಡ. ಹೇಳಿದ್ರೆ ಅರ್ಧ ದಾರೀಲಿ ಎದ್ದು ಬತ್ತಾಳೆ. ವರ್ಷಕ್ಕೊಂದ್ಸಲ ಹೋಗೋದು. ಬರೀ ಜ್ವರ ತಾನೆ, ನಾಳೆ ಏಳ್ತೀನಿ. ಓಡ್ಲಿ ಬುಡು' ಅಂತು. ನಂಗೂ ಬರೀ ಜ್ವರವೇಯ ಅನ್ನುಸ್ತು."

"ದೋಣೀಲಿದ್ದಾಗ ಫೋನ್ ಮಾಡಿ, ನೀನು ಹೇಳ್ದಂಗೆ ಬುಟ್ಟೆ ಅಂದ್ಯಲ್ಲ."

"ಭಯಕ್ಕೆ ಅಂದೆ ಕಣವ್ವ. ಏನಾದ್ರೂ ಆಗೋದ್ರೆ ನಾನೊಬ್ಳೇ ಹೊರ್ಬೇಕಲ್ಲ ಅಂತ. ಆಮ್ಯಾಕೆ ನಿನ್ನ ಮುಖ ನೋಡಿ, ನಾನೊಬ್ಳೇ ಹೊತ್ಕಂಡ್ರಾಯ್ತು ಅನ್ನುಸ್ತು. ನಕ್ಕಿದ್ದು, ಅಂದಿದ್ದು, ಇದೆಲ್ಲ ಹೇಳಿದ್ರೆ ನೀನು ಜಲ್ಮಕ್ಕೂ ಓಡಾಕಿಲ್ಲ ಅಂತ ಬಾಯಿ ಕಟ್ಕಂಡಿದ್ದೆ."

ನಕ್ಕನಂತೆ. ಗೊತ್ತಿದ್ದೂ ಗೊತ್ತಿದ್ದೂ ಮಲಗಿದನಂತೆ. ನಾನು ಕಲ್ಲಿನ ಮೂಲೆ ದಾಟಲಿ ಎಂದು.

ಸಾಲಿನ ಮಣ್ಣಿನಲ್ಲಿ ಕೂತುಬಿಟ್ಟೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. "ಯಾವನೋ ನಿಂಗೆ ಓಡ್ಲಿ ಬುಡು ಅನ್ನಕ್ಕೆ ಹೇಳಿದ್ದು? ನಾನು ಕೇಳಿದ್ನಾ? ಅಯ್ಯೋ ನಿನ್ನ ಮನೆ ಹಾಳಾಗ, ಒಂದು ಮಾತು ಹೇಳ್ಸಕ್ಕೆ ಏನಾಗಿತ್ತೋ ನಿಂಗೆ?" ಎಂದು ಅಣ್ಣನನ್ನು ಮಣ್ಣು ಮಾಡಿದ ಮೂಲೆಯ ಕಡೆ ತಿರುಗಿ ಕಿರುಚಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನ ಪೂರ್ತಿ ಹೆಸರು ಹಿಡಿದು ಬೈದೆ. ಬೈಯುತ್ತ ಬೈಯುತ್ತ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯತೊಡಗಿತು. ಪಕ್ಕದ ಹೊಲದವರು ನೀರು ಕಟ್ಟುವುದನ್ನು ಬಿಟ್ಟು ನಮ್ಮ ಕಡೆ ನೋಡಿದರು.

ಅತ್ತಿಗೆ ಹೊರೆ ಇಳಿಸಿ ಬಂದು ನನ್ನ ಪಕ್ಕದಲ್ಲಿ ಕೂತಳು. ಸಮಾಧಾನ ಮಾಡಲಿಲ್ಲ.

"ಬಯ್ಯಿ" ಎಂದಳು. "ಚೆನ್ನಾಗಿ ಬಯ್ಯಿ. ನಾನೊಬ್ಳೇ ದಿನಾ ಬಯ್ದೂ ಬಯ್ದೂ ಸಾಕಾಗೈತೆ."